ಹೊನ್ನೆಯೆಂದುಕೊಂಡ ಮರ

ಪ್ರತಿ ವರ್ಷ ಈಸ್ಟರಿನ ಹಿಂದಿನ ದಿನ ಪಕ್ಕದ ಮನೆಯ ಕರುಣಕ್ಕ ನಮ್ಮ ಮನೆಗೆ ಹೂವಿಗೆ ಬರುತ್ತಿದ್ದರು. ಮನೆಯ ಹಿಂದೆ ನೆರಳುಬಲೆ ಕಟ್ಟಿ ಆಂತೂರಿಯಂ ಬೆಳೆಯುವವಳು ನಾನು. ಸಾಗರದ ಅರ್ಧ ಮದುವೆ ಮಂಟಪಗಳಿಗೆ ನನ್ನದೇ ಹೂವು. ಹೂ ಕೊಯ್ಯುವ ಕತ್ತರಿಯನ್ನು ಗಂಡನ ಕೈಗೂ ಕೊಡುವವಳಲ್ಲ, ಅವರು ದಂಟನ್ನು ಜಜ್ಜಿಬಿಡುತ್ತಾರೆ. ಕರುಣಕ್ಕನಿಗೆ ಮಾತ್ರ ಕೊಡುತ್ತಿದ್ದೆ. ಅವರು ಬಿಳಿಯದನ್ನೇ, ಅದರಲ್ಲೂ ಪುಟ್ಟ ಪುಟ್ಟದನ್ನೇ ಹುಡುಕಿ ಕತ್ತರಿಸುತ್ತಿದ್ದರು.

"ದೊಡ್ಡದು ತಗೊಳ್ಳಿ ಕರುಣಕ್ಕಾ, ಇದನ್ನ ನಾನು ಮಾರೋದೂ ಇಲ್ಲ" ಎಂದರೆ, "ಮಗುವಿಗೆ ದೊಡ್ಡದು ಯಾಕೆ ಮಾರಾಯ್ತಿ" ಎನ್ನುವರು.

ಅವರ ಚರ್ಚಿನ ಸಭೆಯವರಲ್ಲಿ ಒಂದು ಪದ್ಧತಿಯಿದೆ. ಈಸ್ಟರಿನ ಹಿಂದಿನ ಶನಿವಾರ ಮನೆಮಂದಿಯೆಲ್ಲ ಸ್ಮಶಾನಕ್ಕೆ ಹೋಗಿ ತಮ್ಮ ತಮ್ಮವರ ಸಮಾಧಿ ತೊಳೆದು, ಸುಣ್ಣ ಬಳಿದು, ಹೂವಿಟ್ಟು ಬರುತ್ತಾರೆ. ಮರುದಿನ ಬೆಳಕು ಹರಿಯುವ ಮೊದಲು ಮೇಣದಬತ್ತಿ ಹಿಡಿದು ಅಲ್ಲೇ ಆರಾಧನೆ ಮಾಡುತ್ತಾರೆ. ನನಗೆ ಇದು ವಿಚಿತ್ರವೆನಿಸುತ್ತಿತ್ತು. ನಮ್ಮ ಹವ್ಯಕರಲ್ಲಿ ಸತ್ತವರಿಗೆ ವಿಳಾಸವಿಲ್ಲ. ಸುಟ್ಟು ಬೂದಿಯನ್ನು ಹೊಳೆಗೆ ಬಿಟ್ಟರೆ ಮುಗಿಯಿತು. ಆಮೇಲೆ ವರ್ಷಕ್ಕೊಮ್ಮೆ ಅವರೇ ಕಾಗೆಯಾಗಿ ನಮ್ಮ ವಿಳಾಸ ಹುಡುಕಿಕೊಂಡು ಬರಬೇಕು.

ಇನ್ನೂ ವಿಚಿತ್ರವೆಂದರೆ ಕರುಣಕ್ಕ ಸುಣ್ಣ ಬಳಿಯುತ್ತಿದ್ದ ಸಮಾಧಿ ಅವರ ಪೈಕಿಯದಲ್ಲ. ಅವರ ಅಪ್ಪ ಅಮ್ಮ ಇರುವುದು ತೀರ್ಥಹಳ್ಳಿಯಲ್ಲಿ. ಇಲ್ಲಿ ಅವರು ನೋಡಿಕೊಳ್ಳುತ್ತಿದ್ದುದು ಸ್ಮಶಾನದ ಮೂಲೆಯಲ್ಲಿ, ಹಳೆಯ ಸಾಲಿನ ತುದಿಗೆ ಇದ್ದ ಒಂದು ಮೊಳಕಾಲೆತ್ತರದ ಕಲ್ಲನ್ನು. ಯಾವ ಕಾಲದಲ್ಲೋ ಬಂದಿದ್ದ ಪರದೇಶದ ಪಾದ್ರಿಯೊಬ್ಬರ ಮಗು. ಅಕ್ಷರಗಳೆಲ್ಲ ಸವೆದು 'ಲೀನಾ' ಎಂಬಷ್ಟು ಮಾತ್ರ ಉಳಿದಿದೆ. ಅಪ್ಪ ಅಮ್ಮ ತಮ್ಮ ದೇಶಕ್ಕೆ ಹೊರಟುಹೋದರು, ಮಗು ಸಾಗರದಲ್ಲಿ ಉಳಿಯಿತು.

"ಎಂತಕ್ಕೆ ಅದು ಅವಕ್ಕೆ? ಯಾರದ್ದೋ ಕೂಸು" ಎಂದು ನಮ್ಮ ಅತ್ತೆ ಮೊದಮೊದಲು ಗೊಣಗಿದ್ದರು. ಆಮೇಲೆ ಅವರೇ, "ಅಡ್ಡಿಲ್ಲೆ, ಹೂ ಕೊಡು. ಕೂಸು ಯಾರದ್ದಾದ್ರೂ ಕೂಸೇಯ" ಎಂದರು.

ಕರುಣಾ ಐಮನ್ ತೀರ್ಥಹಳ್ಳಿಯವರು, ನರ್ಸ್ ಓದಿದವರು. ಗಂಡ ಜಯಕರ ಐಮನ್ ಹೊಸನಗರದವರು, ಮರಗೆಲಸ ಕಲಿತವರು. ಮದುವೆಯಾಗಿ ಮಗಳು ವತ್ಸಲಾ ಹುಟ್ಟಿದ ಮೇಲೆ ಗಂಡಹೆಂಡತಿ ಇಬ್ಬರೂ ಮಿಶನರಿಗಳಾಗಿ ಟಾಂಜಾನಿಯಾಕ್ಕೆ ಹೋದರು. ಪಕ್ಕದ ಮನೆಗೆ ಅವರು ಬಂದ ಹೊಸದರಲ್ಲಿ ಇದನ್ನು ಕೇಳಿ ನಾನು ನಕ್ಕಿದ್ದೆ. ಮಿಶನರಿ ಎಂದರೆ ಬಿಳಿ ಚರ್ಮದವರು, ಹಡಗು ಹತ್ತಿ ನಮ್ಮ ಕಡೆ ಬರುವುದು ಅವರ ಕೆಲಸ ಎಂದೇ ತಿಳಿದಿದ್ದವಳು ನಾನು. ತೀರ್ಥಹಳ್ಳಿಯ ಹುಡುಗಿ ಸೀರೆ ಉಟ್ಟುಕೊಂಡು ಇನ್ನೊಂದು ದೇಶದ ಗುಡ್ಡದ ಮೇಲೆ ಬಾಣಂತನ ಮಾಡಿಸುವುದು, ಹೊಸನಗರದ ಹುಡುಗ ಅಲ್ಲಿನ ಹುಡುಗರಿಗೆ ಬೆಂಚು ಮಾಡುವುದನ್ನೂ ಬೈಬಲ್ಲನ್ನೂ ಕಲಿಸುವುದು ನನ್ನ ತಲೆಗೆ ಹೋಗಲು ಸ್ವಲ್ಪ ಸಮಯ ಹಿಡಿಯಿತು.

ಆ ಗುಡ್ಡದಲ್ಲಿ ಶಾಲೆ ಸರಿಯಿರಲಿಲ್ಲ. ಹಾಗಾಗಿ ವತ್ಸಲಾ ತೀರ್ಥಹಳ್ಳಿಯ ಅಜ್ಜಿಯ ಮನೆಯಲ್ಲಿ ಉಳಿದಳು. ಮಗ ಸುಧೀರ ಹುಟ್ಟಿದ್ದು ಟಾಂಜಾನಿಯಾದಲ್ಲೇ. ಅಲ್ಲಿಯವರು ಹೆಂಗಸನ್ನು ಮಗುವಿನ ಹೆಸರಿನಿಂದ ಕರೆಯುತ್ತಾರಂತೆ. ಕರುಣಕ್ಕ ಇಡೀ ಊರಿಗೆ 'ಮಾಮಾ ಸುಧೀರ', ಎಂದರೆ ಸುಧೀರನ ಅಮ್ಮ, ಆದರು. ಒಮ್ಮೆ ಬೇಸಿಗೆ ರಜೆಯಲ್ಲಿ ವತ್ಸಲಾಳನ್ನು ಕರೆಸಿಕೊಂಡಾಗ, ಎಲ್ಲರೂ ತನ್ನ ಅಮ್ಮನನ್ನು ತಮ್ಮನ ಹೆಸರಿನಿಂದ ಕರೆಯುವುದು ಕೇಳಿ ಹುಡುಗಿ ಮೂರು ಹೊತ್ತೂ ಮುಖ ಊದಿಸಿಕೊಂಡು ಕೂತಿದ್ದಳಂತೆ. ಕರುಣಕ್ಕ ಇದನ್ನು ನಗುತ್ತಲೇ ಹೇಳುತ್ತಿದ್ದರು. ಆ ನಗುವನ್ನು ನೋಡಿದರೆ ನನಗೆ ನಗು ಬರುತ್ತಿರಲಿಲ್ಲ.

ಸುಧೀರ ಸತ್ತಾಗ ಅವನಿಗೆ ಇನ್ನೂ ಶಾಲೆಗೆ ಹೋಗುವ ವಯಸ್ಸಲ್ಲ. ಜ್ವರ ಬಂದಿತ್ತು, ಇಳಿದಿತ್ತು. ಅಷ್ಟರಲ್ಲಿ ಹೊಳೆಯಾಚೆಯ ಹಳ್ಳಿಯಿಂದ ಕಷ್ಟದ ಹೆರಿಗೆಯೆಂದು ಕರೆ ಬಂತು. ಮನೆಗೆಲಸದ ನೀಮಾ ಎಂಬವಳ ಮಡಿಲಲ್ಲಿ ಮಗುವನ್ನು ಬಿಟ್ಟು ಕರುಣಕ್ಕ ಹೋದರು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ವಾಪಸು ಬರುವಾಗ ದೂರದಿಂದಲೇ ತಮ್ಮ ಮನೆಯ ಕಡೆಯಿಂದ ಮರ ಹೆರೆಯುವ ಕೀಸುಳಿಯ ಸದ್ದು ಕೇಳಿತಂತೆ.

"ಇವ್ರು ಇಷ್ಟು ಬೆಳಿಗ್ಗೆನೇ ಎಂತ ಮಾಡ್ತಿದಾರಪ್ಪ, ಸುಧೀರಂಗೆ ಮಂಚ ಮಾಡ್ತಿದಾರಾ ಅಂದ್ಕೊಂಡು ಬಂದೆ ವಿನಯಾ" ಎಂದಿದ್ದರು. "ಮಂಚದ ಅಳತೆನೇ ಇತ್ತು ಅದು."

ಜಯಕರಣ್ಣ ಮಗನಿಗೊಂದು ಎಳೆಯುವ ಗಾಡಿ ಮಾಡಿಕೊಟ್ಟಿದ್ದರು. ಅದರ ಒಂದು ಗಾಲಿ ವಾರೆಯಾಗಿ ಕೂತು, ಎಳೆದಾಗ 'ಗರಗರ ಟಕ್, ಗರಗರ ಟಕ್' ಎನ್ನುತ್ತಿತ್ತು. "ಪಪ್ಪಾ, ಗಾಲಿ ಸರಿ ಮಾಡು" ಎಂದು ಮಗು ಹಿಂದೆ ಬಿದ್ದಿತ್ತು. ನಾಳೆ ಮಾಡ್ತೀನಿ ಎಂದಿದ್ದರು ಇವರು. ಆ ಗಾಡಿಯನ್ನು ಹಾಗೇ ಮಗುವಿನ ಜೊತೆ ಪೆಟ್ಟಿಗೆಯಲ್ಲಿಟ್ಟರು.

ಸಾಗರಕ್ಕೆ ಬಂದು ನೆಲೆಸಿದ ಮೇಲೂ ಕರುಣಕ್ಕನಿಗೆ ಆ ಸದ್ದು ಕೇಳುತ್ತಿತ್ತು. ರಾತ್ರಿ ಅಲ್ಲ, ಮಟಮಟ ಮಧ್ಯಾಹ್ನ, ಊರು ಊಟ ಮಾಡಿ ಮಲಗಿದ ಹೊತ್ತಿನಲ್ಲಿ. ನಾನು ದೆವ್ವ ಭೂತ ಎಂದರೆ ಉರಿದುಬೀಳುವವಳು. ಒಂದು ಬೇಸಿಗೆಯಲ್ಲಿ ಅವರ ಜಗಲಿಯಲ್ಲಿ ಇಬ್ಬರೂ ಹಲಸಿನ ಹಪ್ಪಳ ಒತ್ತುತ್ತಿದ್ದೆವು. ಕರೆಂಟು ಹೋಗಿತ್ತು. ಕರುಣಕ್ಕನ ಕೈ ನಿಂತಿತು.

"ಕೇಳ್ತಾ?"

ಎಂಥದ್ದೂ ಇಲ್ಲ ಎನ್ನಲು ಬಾಯಿ ತೆರೆದೆ. ಆಗ ಕೇಳಿಸಿತು. ಗೇಟಿನಾಚೆ, ಮಣ್ಣಿನ ರಸ್ತೆಯಲ್ಲಿ, ಗರಗರ ಎಂದು ಏನೋ ಬಂದು ಟಕ್ಕೆಂದು ನಿಂತು ಮತ್ತೆ ಮುಂದೆ ಹೋಯಿತು. ಯಾವನೋ ಹುಡುಗ ಅಡಿಕೆ ಹಾಳೆ ಎಳೆದುಕೊಂಡು ಹೋಗುತ್ತಿರಬೇಕೆಂದು ಗೇಟಿಗೆ ಓಡಿದೆ. ರಸ್ತೆ ಖಾಲಿ. ಆಚೆ ಮನೆಯ ನಾಯಿ ಕೂಡ ಮಲಗಿತ್ತು. ನಾನು ಅಂದು ಹಪ್ಪಳವನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ.

ಆಮೇಲೆ ಅವರು ನನಗೆ ಆ ಪರದೇಶದ ಮಗುವಿನ ಸಮಾಧಿಯ ಗುಟ್ಟು ಹೇಳಿದರು. ಟಾಂಜಾನಿಯಾ ಬಿಟ್ಟು ಬರುವಾಗ ನೀಮಾ ಕೈ ಹಿಡಿದು, ಮಗುವನ್ನು ನಾನು ನೋಡ್ಕೋತೀನಿ ಎಂದಿದ್ದಳಂತೆ. ಸಾಗರಕ್ಕೆ ಬಂದು ಸಭೆಯ ಸ್ಮಶಾನದ ಮೂಲೆಯಲ್ಲಿ ಈ ಕಲ್ಲು ಕಂಡಾಗ ಕರುಣಕ್ಕ ಮನಸ್ಸಿನಲ್ಲೇ ಒಂದು ಒಪ್ಪಂದ ಮಾಡಿಕೊಂಡರು.

"ಇವಳ ಅಮ್ಮನೂ ಹೋಗುವಾಗ ಯಾರಿಗೋ ಹೇಳಿ ಹೋಗಿರ್ತಾಳೆ ಅಲ್ವಾ, ನೋಡ್ಕೊಳ್ಳಿ ಅಂತ. ಅವ್ರೆಲ್ಲ ಸತ್ತು ಹೋದ್ರು. ಈಗ ನಾನು ನೋಡ್ಕೋತೀನಿ. ನಾನು ಇಲ್ಲಿ ನೋಡ್ಕೊಂಡಷ್ಟು ದಿನ ಅಲ್ಲಿ ನನ್ನ ಮಗನ್ನ ಯಾರೋ ನೋಡ್ಕೋತಾರೆ. ನಾನು ಕೈಬಿಟ್ರೆ ಅವ್ರೂ ಕೈಬಿಡ್ತಾರೆ."

"ಇದನ್ನ ನಿಮ್ಮ ಪಾಸ್ಟರಿಗೆ ಹೇಳಿದೀರಾ?" ಎಂದೆ.

"ಹೇಳಿದ್ರೆ ಬೈತಾರೆ. ಇದು ನಂಬಿಕೆ ಅಲ್ಲ, ಹರಕೆ ಅಂತಾರೆ. ಅದಕ್ಕೇ ನಿಂಗೆ ಹೇಳಿದ್ದು" ಎಂದರು. ನಮ್ಮವರಿಗೆ ಹರಕೆ ಅರ್ಥವಾಗುತ್ತದೆ ಎಂಬ ಧೈರ್ಯ ಅವರಿಗೆ.

ಒಂದು ವರ್ಷ ಅವರಿಗೆ ಚಿಕುನ್‌ಗುನ್ಯಾ ಆಗಿ ಏಳಲಾಗಲಿಲ್ಲ. ಆ ಈಸ್ಟರಿಗೆ ಕಲ್ಲಿಗೆ ಸುಣ್ಣ ಬೀಳಲಿಲ್ಲ. ಆ ವರ್ಷವಿಡೀ ಗಾಡಿ ದಿನಾ ಗೇಟಿನವರೆಗೆ ಬಂದಿತು ಎಂದು ಅವರು ಹೇಳುತ್ತಿದ್ದರು. ನಾನು ವಾದ ಮಾಡಲು ಹೋಗಲಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಪಾಸ್ಟರು ಸಭೆಯ ಇಬ್ಬರು ಹಿರಿಯರೊಂದಿಗೆ ಅವರ ಮನೆಗೆ ಬಂದರು. ನಾನು ಮೊಸರಿನ ಪಾತ್ರೆ ವಾಪಸು ಕೊಡಲು ಹೋಗಿದ್ದೆ. ಸ್ಮಶಾನ ತುಂಬಿಹೋಗಿದೆ, ಹೊಸಬರಿಗೆ ಜಾಗವಿಲ್ಲ, ಹಕ್ಕುದಾರರಿಲ್ಲದ ಹಳೆಯ ಸಾಲನ್ನು ತೆಗೆಯಬೇಕೆಂದು ತೀರ್ಮಾನವಾಗಿದೆ ಎಂದು ಆ ಹುಡುಗ ಪಾಸ್ಟರು ಬಹಳ ಮರ್ಯಾದೆಯಿಂದಲೇ ಹೇಳಿದರು.

"ಪ್ರಾರ್ಥನೆ ಮಾಡಿಯೇ ತೆಗಿತೀವಿ ಅಮ್ಮಾ. ಎಲ್ಲ ಒಂದೇ ಕಡೆ ಇಟ್ಟು ಮೇಲೊಂದು ಕಲ್ಲು ಹಾಕ್ತೀವಿ. ಆ ಮಗುವನ್ನ ಕೇಳೋರು ಈಗ ಯಾರೂ ಇಲ್ಲ."

"ಕೇಳೋಳು ನಾನಿದೀನಲ್ಲ" ಎಂದರು ಕರುಣಕ್ಕ. ಕಡ್ಡಿ ಮುರಿದ ಹಾಗೆ. "ನಾನು ಸತ್ತ ಮೇಲೆ ಬೇಕಾದ್ದು ಮಾಡಿ. ಅಲ್ಲೀತನಕ ಅವಳ ಮೇಲೆ ಒಂದು ಪಿಕಾಸಿ ಬೀಳಕೂಡದು."

ಬಂದವರು ಚಹಾ ಕುಡಿಯದೆ ಎದ್ದರು. ನಾನು ಹೊರಡುವಾಗ ಜಯಕರಣ್ಣ ಮನೆಯ ಬದಿಯ ಶೆಡ್ಡಿನಲ್ಲಿ ಒಂದು ಮರದ ತುಂಡನ್ನು ಕೀಸುತ್ತಿದ್ದರು. ಕೆಡವಿದ ಯಾವುದೋ ಹಳೆಯ ಮನೆಯ ಬಾಗಿಲವಾಡ, ಹೊನ್ನೆ ಮರದ್ದು. ನಮ್ಮ ಕಡೆ ಹೊನ್ನೆಗೆ ಗೆದ್ದಲು ಬಾಯಿ ಹಾಕುವುದಿಲ್ಲ ಎನ್ನುತ್ತಾರೆ. ಹಸಿ ಮರ ಕಡಿದರೆ ರಕ್ತದ ಹಾಗೆ ಕೆಂಪು ರಸ ಒಸರುತ್ತದೆ.

"ಎಂತ ಮಾಡ್ತಿದೀರಿ ಜಯಕರಣ್ಣ?"

"ಶಿಲುಬೆ" ಎಂದರು. ಆಮೇಲೆ ಅವರಾಗಿಯೇ ಹೇಳತೊಡಗಿದರು. ಇಷ್ಟು ವರ್ಷದಲ್ಲಿ ಅವರು ನನ್ನೊಡನೆ ಅಷ್ಟು ಮಾತಾಡಿದ್ದು ಅದೊಂದೇ ಸಲ. "ಅಲ್ಲಿ ಮಗೂಗೆ ಶಿಲುಬೆ ಮಾಡ್ಬೇಕಿತ್ತಲ್ಲ. ಗುಡ್ಡದಲ್ಲಿ ಒಂದು ಮರ ಕಡ್ದೆ. ಕಡ್ದಾಗ ಕೆಂಪಗೆ ರಸ ಬಂತು. ನಮ್ಮ ಹೊನ್ನೆನೇ ಇದು, ಈ ದೇಶದಲ್ಲೂ ಇದೆಯಲ್ಲಪ್ಪ ಅಂತ ಆ ದುಃಖದಲ್ಲೂ ಒಂದು ಸಮಾಧಾನ ಆಯ್ತು ನಂಗೆ. ಅಲ್ಲಿಯ ಹುಡುಗ್ರು ಬೇಡ ಸಾರ್ ಅಂದ್ರು. ನಾನು ಕೇಳ್ಬೇಕಲ್ಲ. ಹೊನ್ನೆ ನೋಡ್ಕೊಂಡೇ ಹುಟ್ಟಿದವ ನಾನು."

ಊರು ಬಿಡುವ ದಿನ ಕರುಣಕ್ಕ ಜೀಪಿನಿಂದ ಇಳಿಯಲಿಲ್ಲವಂತೆ, ಕಾಲು ಬರಲಿಲ್ಲ. ಇವರೊಬ್ಬರೇ ಸಮಾಧಿಗೆ ಹೋದರು. ಶಿಲುಬೆ ಹೊರಗಿನಿಂದ ನೋಡಲು ನೆಟ್ಟಗೆ ನಿಂತಿತ್ತು. ಕೈಯಿಟ್ಟರು. ಒಳಗೆಲ್ಲ ಗೆದ್ದಲು ತಿಂದಿತ್ತು. ಕೈಯಲ್ಲೇ ಪುಡಿಯಾಗಿ ಉದುರಿಹೋಯಿತು. ಜೀಪು ಹಾರ್ನ್ ಹಾಕುತ್ತಿತ್ತು. ವಾಪಸು ಬಂದು ಹೆಂಡತಿಗೆ, "ಗಟ್ಟಿಯಾಗಿ ನಿಂತಿದೆ" ಎಂದರು.

"ಅಲ್ಲಿ ಗುರುತು ಅನ್ನೋದು ಇಲ್ಲ ವಿನಯಾ. ಹುಲ್ಲು ಬೆಳೆದಿರತ್ತೆ ಅಷ್ಟೆ. ಅವಳು ಇಲ್ಲಿ ಸುಣ್ಣ ಬಳಿಯೋದು ನೋಡಿದ್ರೆ..." ಎಂದವರು ಮುಗಿಸದೆ ಮತ್ತೆ ಕೀಸುಳಿ ಹಿಡಿದರು. ಅವಳಿಗೆ ಹೇಳಬೇಡ ಎಂದು ಅವರು ಹೇಳಲಿಲ್ಲ. ಹೇಳುವ ಬಾಯಿ ನನಗೂ ಇರಲಿಲ್ಲ. ಗಂಡ ಆ ಪುಡಿಯನ್ನು ಎದೆಯಲ್ಲಿಟ್ಟುಕೊಂಡು, ಹೆಂಡತಿ ಆ ಒಪ್ಪಂದವನ್ನು ಎದೆಯಲ್ಲಿಟ್ಟುಕೊಂಡು, ಒಂದೇ ಮನೆಯಲ್ಲಿ ಮಗನ ಹೆಸರೆತ್ತದೆ ಬದುಕಿದ್ದರಲ್ಲ ಎಂದು ನನಗೆ ಅಳು ಬಂತು, ಸಿಟ್ಟೂ ಬಂತು.

ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಜಯಕರಣ್ಣ ಅದೇ ಶೆಡ್ಡಿನಲ್ಲಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಶಿಲುಬೆ ಮುಗಿದಿತ್ತು, ಹೆಸರು ಕೆತ್ತಿರಲಿಲ್ಲ.

ವತ್ಸಲಾ ಉಡುಪಿಯಿಂದ ಬಂದಳು. ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವಳು, ಅಳು ತೋರಿಸುವವಳಲ್ಲ. ಪಾಸ್ಟರು ಬಂದು ತಲೆ ತಗ್ಗಿಸಿಕೊಂಡೇ ವಿಷಯ ಹೇಳಿದರು. ಬೇರೆಲ್ಲೂ ಜಾಗವಿಲ್ಲ. ಹಳೆಯ ಸಾಲಿನ ತುದಿಯಲ್ಲಿ ಅಗೆಯಬಹುದು, ಅದೂ ಆ ಮಗುವನ್ನು ತೆಗೆದರೆ. ಇಲ್ಲವೆಂದರೆ ಹೊಸನಗರಕ್ಕೋ ತೀರ್ಥಹಳ್ಳಿಗೋ ಒಯ್ಯಬೇಕು.

"ತೀರ್ಥಹಳ್ಳಿಗೆ ಒಯ್ಯೋಣ" ಎಂದರು ಕರುಣಕ್ಕ ತಕ್ಷಣ.

ಆಗ ವತ್ಸಲಾಳ ಕಟ್ಟೆ ಒಡೆಯಿತು. "ನೀನು ಇರೋದು ಇಲ್ಲಿ, ಪಪ್ಪ ಅಲ್ಲಿ. ಯಾರದ್ದೋ ಮಗುವಿಗೋಸ್ಕರ ನಮ್ಮನ್ನ ದೂರ ಇಡೋದು ನಿಂಗೆ ಹೊಸದಲ್ಲ ಬಿಡಮ್ಮ. ಊರಿಗೆ ಉಪಕಾರಿ, ಮನೆಗೆ ಮಾರಿ! ಆ ದಿನನೂ ನೀನು ಯಾರದ್ದೋ ಮಗು ಹೆರಿಸಕ್ಕೆ ಹೋಗಿದ್ದೆ. ನನ್ನ ಇಷ್ಟು ವರ್ಷ ಅಜ್ಜಿ ಮನೇಲಿ ಬಿಟ್ಟೆ. ಸತ್ತ ಮೇಲಾದ್ರೂ ಪಪ್ಪನ್ನ ನಮ್ಮ ಹತ್ರ ಇಟ್ಕೊಳ್ಳಕ್ಕೆ ಬಿಡು."

ಮನೆ ತುಂಬ ಜನ. ಕರುಣಕ್ಕ ಗಂಡನ ಪಕ್ಕ ನೆಲದಲ್ಲಿ ಕೂತವರು ಬಹಳ ಹೊತ್ತು ಅವರ ಬಲಗೈಯನ್ನೇ ನೋಡುತ್ತಿದ್ದರು. ಕೊನೆಗೆ ಎದ್ದು ನನ್ನ ತೋಳು ಹಿಡಿದು, "ಜಟ್ಟಿಂಗಪ್ಪ ಅಗಿಯೋವಾಗ ನಾನು ಅಲ್ಲಿರ್ಬೇಕು. ನೀನೂ ಬಾ" ಎಂದರು.

ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಅತ್ತೆಯ ಮುಖ ನೋಡಿದೆ. "ಹೋಗಿ ಬಾ, ಬಂದು ಮಿಂದ್ರೆ ಆತು" ಎಂದರು.

ಗುಂಡಿ ತೋಡುವ ಜಟ್ಟಿಂಗಪ್ಪ ಕಲ್ಲನ್ನು ಪಕ್ಕಕ್ಕಿಟ್ಟು, ಪಿಕಾಸಿ ಬಿಟ್ಟು ಕೈಗುದ್ದಲಿಯಲ್ಲೇ ಮೆಲ್ಲಗೆ ಅಗೆದ. ಕರುಣಕ್ಕ ಹಾಗೆ ಹೇಳಿದ್ದರು. ಎಲುಬೆಂಬುದು ಏನೂ ಉಳಿದಿರಲಿಲ್ಲ. ಒಂದು ಕಡೆ ಮಣ್ಣು ಕಪ್ಪಾಗಿತ್ತು, ಅದರಲ್ಲಿ ಬೆರಳುಗುರಿನಷ್ಟು ಒಂದು ಹಿತ್ತಾಳೆಯ ಗುಂಡಿ ಸಿಕ್ಕಿತು, ಅಂಗಿಯದ್ದು. ಕರುಣಕ್ಕ ಸೆರಗೊಡ್ಡಿ ಆ ಕಪ್ಪು ಮಣ್ಣನ್ನೂ ಗುಂಡಿಯನ್ನೂ ತೆಗೆದುಕೊಂಡರು. ಮಧ್ಯಾಹ್ನ ಪೆಟ್ಟಿಗೆ ಮುಚ್ಚುವ ಮೊದಲು ಅದನ್ನು ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿ ಗಂಡನ ಬಲತೋಳಿನೊಳಗಿಟ್ಟರು.

"ಇವ್ರಿಗೆ ಮಗು ಎತ್ಕೊಳ್ಳಕ್ಕೆ ಬರತ್ತೆ" ಎಂದು ಪಾಸ್ಟರಿಗೆ ಹೇಳಿದರು. ಪಾಸ್ಟರು ಬೇಡವೆನ್ನಲಿಲ್ಲ. ವತ್ಸಲಾ ಅಲ್ಲಿಂದ ಮುಖ ತಿರುಗಿಸಿಕೊಂಡು ನಿಂತಳು. ಅವಳ ಬೆನ್ನು ಅಲುಗುತ್ತಿತ್ತು.

ಈಸ್ಟರಿನ ಹಿಂದಿನ ದಿನ ಈ ವರ್ಷವೂ ಕರುಣಕ್ಕ ಕತ್ತರಿಗೆ ಬಂದರು, ವತ್ಸಲಾಳೂ ಬಂದಿದ್ದಳು. ಮೂವರೂ ಹೋದೆವು. ಹೊನ್ನೆಯ ಶಿಲುಬೆಯನ್ನು ಆಗಲೇ ನೆಟ್ಟಿದ್ದರು. ಮಾರಿಗುಡಿ ಹಿಂದಿನ, ಮರ ಕೆತ್ತುವ ಗುಡಿಗಾರರೊಬ್ಬರ ಹತ್ತಿರ ವತ್ಸಲಾಳೇ ಹೆಸರು ಕೆತ್ತಿಸಿದ್ದಳು. ಮೇಲೆ ಜಯಕರ, ಅದರ ಕೆಳಗೆ ಲೀನಾ. ಮೂರನೆಯ ಸಾಲು ಅಮ್ಮನಿಗೂ ಗೊತ್ತಿರಲಿಲ್ಲ. ಸುಧೀರ ಎಂದಿತ್ತು.

ಕರುಣಕ್ಕ ಆ ಮೂರನೆಯ ಹೆಸರಿನ ಮೇಲೆ ಕೈಯಾಡಿಸಿದರು. ವತ್ಸಲಾ ಸುಣ್ಣದ ನೀರು ತರಲು ನಲ್ಲಿಗೆ ಹೋದಾಗ ನನ್ನ ಕಡೆ ತಿರುಗಿದರು.

"ನಂಗೆ ಗೊತ್ತಿತ್ತು ವಿನಯಾ."

"ಏನು?"

"ಆ ಶಿಲುಬೆ. ಜೀಪಿಗೆ ವಾಪಸ್ ಬಂದು ಗಟ್ಟಿಯಾಗಿ ನಿಂತಿದೆ ಅಂದ್ರಲ್ಲ, ಆಗ ಅವ್ರ ಬಲಗೈ ತುಂಬ ಗೆದ್ದಲು ಪುಡಿ ಇತ್ತು. ಪ್ಯಾಂಟಿಗೆ ಒರೆಸ್ಕೊಂಡ್ರು. ಅಲ್ಲಿ ಗುರುತಿಲ್ಲ ಅಂತ ಗೊತ್ತಿದ್ದಕ್ಕೇ ನಾನು ಇಲ್ಲೊಂದು ಗುರುತು ಇಟ್ಕೊಂಡಿದ್ದು. ಗೊತ್ತು ಅಂತ ಒಂದು ಮಾತು ಹೇಳಿದ್ರೆ ಆ ಮನುಷ್ಯ ಒಂಚೂರು ಹಗುರ ಆಗ್ತಿದ್ರೋ ಏನೋ. ಹೇಳಿದ್ರೆ ನಿಜ ಆಗ್ಬಿಡತ್ತೆ ಅಂತ ಹೆದ್ರಿ ಸುಮ್ನಿದ್ದೆ."

ನಾನು, "ಈಗ ಗಾಡಿ ಸದ್ದು ಕೇಳತ್ತಾ ಕರುಣಕ್ಕಾ?" ಎಂದುಬಿಟ್ಟೆ. ನನ್ನ ನಾಲಿಗೆಯೇ ಹಾಗೆ, ಬೇಡದ ಹೊತ್ತಿಗೆ ಬೇಡದ್ದನ್ನೇ ಕೇಳುತ್ತದೆ.

ಅವರು ಇಲ್ಲವೆಂದು ತಲೆಯಾಡಿಸಿದರು. ಗಂಡ ಹೋದ ದಿನದಿಂದ ಒಮ್ಮೆಯೂ ಕೇಳಿಲ್ಲವಂತೆ. ಊಟವಾದ ಮೇಲೆ ಬಾಗಿಲು ತೆರೆದಿಟ್ಟು ದಿನಾ ಕೂರುತ್ತಾರಂತೆ.

"ಇವ್ರು ಹೋದ ತಕ್ಷಣ ಗಾಲಿ ಸರಿ ಮಾಡಿಕೊಟ್ಟಿರ್ತಾರೆ" ಎಂದರು. ಒಂದು ಸಲ ನಕ್ಕರು. ಆ ನಗು ಅರ್ಧದಲ್ಲೇ ಮುರಿಯಿತು. "ಇನ್ನು ಅವನು ಗೇಟಿನ ತನಕ ಬಂದ್ರೂ ನಂಗೆ ಗೊತ್ತಾಗಲ್ಲ ವಿನಯಾ."

ಅಷ್ಟರಲ್ಲಿ ವತ್ಸಲಾ ಸುಣ್ಣದ ಬಕೆಟ್ಟು ತಂದು ಕೆಳಗಿಟ್ಟಳು. ಅಮ್ಮನ ಮುಖ ನೋಡಿ, ಪಕ್ಕದಲ್ಲಿ ಕೂತು ಬ್ರಶ್ಶನ್ನು ಅದ್ದಿದಳು.